ಗುದ್ದಲಿ ಹೊತ್ತು ಜಕಾರ್ತಕ್ಕೆ

ಕೆಬುಮೆನ್ ಊರಿನ ನಿವೃತ್ತ ಗುಮಾಸ್ತ ವಾರ್ತೊಯೊ ಅವರಿಗೆ ಜಕಾರ್ತಕ್ಕೆ ಹೋಗುವುದರಲ್ಲಿ ತಕರಾರಿರಲಿಲ್ಲ. ತಕರಾರಿದ್ದದ್ದು ವಾಪಸು ಬರುವುದರಲ್ಲಿ. ಪರವೂರಿಗೆ ಹೋದವರು ಓಲೆ-ಓಲೆ ತರದೆ ಬೀದಿಗೆ ಕಾಲಿಡುವಂತಿಲ್ಲ. (ಕಿವಿಯ ಓಲೆಯಲ್ಲ, ಅಂಚೆಯ ಓಲೆಯೂ ಅಲ್ಲ, ನೆರೆಹೊರೆಗೆಲ್ಲ ಹಂಚಬೇಕಾದ ತಿಂಡಿಯ ಪೊಟ್ಟಣ.) ಬೀದಿಯಲ್ಲಿ ಹದಿನಾಲ್ಕು ಮನೆ. ಹದಿಮೂರು ಪೊಟ್ಟಣ ಹೊತ್ತು ಊರು ನೋಡುವುದು ಅವರ ಪ್ರಕಾರ ಪ್ರವಾಸವಲ್ಲ, ಕೂಲಿ.

ಆದರೆ ಹೆಂಡತಿ ಲಾಸ್ಮಿಗೆ ಜಕಾರ್ತದ ರಾಷ್ಟ್ರೀಯ ಸ್ಮಾರಕವಾದ ಮೊನಾಸ್ ಸ್ತಂಭದ ತುದಿ ಹತ್ತಬೇಕಿತ್ತು. ಮದುವೆಯಾದ ವಾರ ಗಂಡ ಕೊಟ್ಟ ಮಾತು ಅದು. ಇಪ್ಪತ್ತಾರು ವರ್ಷಗಳಲ್ಲಿ ಲಾಸ್ಮಿ ಒಂದು ಜಗಳದಲ್ಲೂ ಅದನ್ನು ಎತ್ತಿರಲಿಲ್ಲ. ಸ್ತಂಭದ ಚಿತ್ರವಿದ್ದ ಹಳೆಯ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿರಲಿಲ್ಲ, ಅಷ್ಟೆ.

"ಬುನೆ, ಉಪಾಯ ಹೊಳೀತು," ಎಂದರು ವಾರ್ತೊಯೊ ಒಂದು ದಿನ. (ಗಂಡಹೆಂಡಿರು ಪರಸ್ಪರ ಕರೆಯುವುದು ಬುನೆ, ಪಾಕ್ನೆ ಎಂದೇ.) "ಜಕಾರ್ತ ಅಂತ ಯಾರಿಗೂ ಹೇಳೋದೇ ಬೇಡ. ನಿನ್ನ ತಮ್ಮನ ಹೊಲದಲ್ಲಿ ಕಡಲೆಕಾಯಿ ಕೀಳೋಕೆ ಹೋಗ್ತಿದೀವಿ ಅನ್ನೋಣ."

"ನನ್ನ ತಮ್ಮನಿಗೆ ಹೊಲ ಎಲ್ಲಿದೆ ಪಾಕ್ನೆ? ಅವನದು ಸೈಕಲ್ ರಿಪೇರಿ ಅಂಗಡಿ."

"ಅದು ಬೀದಿಯವರಿಗೆ ಗೊತ್ತಾ?"

"ಬೀದಿಯ ಸೈಕಲ್ಲೆಲ್ಲ ಅವನ ಹತ್ರಾನೇ ಹೋಗೋದು."

"ಹಾಗಾದ್ರೆ ಗುದ್ದಲಿ ಹೊತ್ಕೊಂಡು ಹೋಗೋಣ. ಗುದ್ದಲಿ ನೋಡಿದ ಮೇಲೆ ಯಾರೂ ಏನೂ ಕೇಳಲ್ಲ. ಶನಿವಾರ ಹೊರಡೋದು."

ಲಾಸ್ಮಿ ಗಂಡನ ಮುಖವನ್ನೇ ನೋಡಿದರು. "ಶನಿವಾರಾನೇ ಆಗಬೇಕಾ?"

"ಶನಿವಾರಾನೇ."

"ಸರಿ ಬಿಡಿ," ಎಂದು ಲಾಸ್ಮಿ ಸೊಪ್ಪು ಸೋಸುವುದನ್ನು ಮುಂದುವರಿಸಿದರು.

ಗುರುವಾರ ವಾರ್ತೊಯೊ ಪಕ್ಕದ ಮನೆಯಾಕೆ ಬು ತುಮಿರಾ ಅವರ ಅಕ್ಕಿ ಅಂಗಡಿಗೆ ಹೋಗಿ, ಯಾರೂ ಕೇಳದಿದ್ದರೂ ಕಡಲೆಕಾಯಿಯ ಪುರಾಣ ಹೇಳಿ ಬಂದರು. "ಹೋಗ್ಬನ್ನಿ, ಹೋಗ್ಬನ್ನಿ, ನಿಧಾನವಾಗಿ ಬನ್ನಿ," ಎಂದು ಬು ತುಮಿರಾ ವಿಶೇಷ ಸಂತೋಷದಿಂದಲೇ ಬೀಳ್ಕೊಟ್ಟರು. ಶನಿವಾರ ಬೆಳಿಗ್ಗೆ ಬಟ್ಟೆಗಳನ್ನು ಖಾಲಿ ಅಕ್ಕಿ ಚೀಲಕ್ಕೆ ತುಂಬಿ, ಹೆಗಲ ಮೇಲೆ ಗುದ್ದಲಿಯಿಟ್ಟು ದಂಡಯಾತ್ರೆ ಹೊರಟಾಗ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

"ನೋಡಿದ್ಯಾ ನನ್ನ ಯೋಜನೆ? ಒಬ್ಬರೂ ಇಣುಕಿ ನೋಡ್ಲಿಲ್ಲ."

ಲಾಸ್ಮಿ ಸಾಲಾಗಿ ಬೀಗ ಹಾಕಿದ್ದ ಬಾಗಿಲುಗಳನ್ನು ನೋಡುತ್ತ ನಡೆದರು.

ಗುದ್ದಲಿಯನ್ನು ಸ್ಟೇಷನ್ನಿನ ಚಹಾದಂಗಡಿಯಲ್ಲಿ ಬಿಡುವ ಲೆಕ್ಕಾಚಾರವಿತ್ತು. ಅಂಗಡಿ ಮುಚ್ಚಿತ್ತು. ಹೀಗಾಗಿ ಅದು ಚಾಪೆ ಸುತ್ತಿಕೊಂಡು ರೈಲು ಹತ್ತಿತು, ಜಕಾರ್ತದಲ್ಲಿ ಇಳಿಯಿತು, ಮಧ್ಯಾಹ್ನದ ಹೊತ್ತಿಗೆ ಮೊನಾಸ್ ಬಾಗಿಲಿಗೂ ಬಂತು.

"ಇದೇನು ಪಾಕ್?" ಕಾವಲುಗಾರ ಚಾಪೆ ಬಿಚ್ಚಿ ಕೇಳಿದ.

"ಗುದ್ದಲಿ."

"ಇಲ್ಲಿಗ್ಯಾಕೆ ತಂದ್ರಿ?"

"ಯಾರೂ ಏನೂ ಕೇಳಬಾರದು ಅಂತ."

ಕಾವಲುಗಾರ ಗುದ್ದಲಿ ಒಳಗಿಟ್ಟುಕೊಂಡು ಒಂದು ಬಿಲ್ಲೆ ಕೊಟ್ಟ.

ಲಿಫ್ಟಿನ ಸಾಲು ಹಾವಿನಂತೆ ಸುತ್ತಿತ್ತು. ಲಾಸ್ಮಿಯ ಕಣ್ಣೆಲ್ಲ ಸ್ತಂಭದ ತುದಿಯ ಬಂಗಾರದ ಜ್ವಾಲೆಯ ಶಿಲ್ಪದತ್ತ ಒಯ್ಯುವ ಆ ಬಾಗಿಲಿನ ಮೇಲೆ. ಅಷ್ಟರಲ್ಲಿ ಮುಂದಿನಿಂದ ಒಂದು ನಗು ಕೇಳಿಸಿತು. ಅಕ್ಕಿ ಅಳೆಯುವಾಗ ಕೇಳುವ ನಗು. ವಾರ್ತೊಯೊ ಹೆಂಡತಿಯ ತೋಳು ಹಿಡಿದೆಳೆದರು.

"ಬುನೆ, ನಡಿ ಹೋಗೋಣ. ಬು ತುಮಿರಾ ಇದಾರೆ."

"ನೀವು ಹೋಗಿ. ನಾನು ಕದಲಲ್ಲ."

"ಮಾನ ಹೋಗುತ್ತೆ ಕಣೇ."

"ಹೋಗ್ಲಿ. ನಾನು ಮೇಲೆ ಹೋಗ್ತೀನಿ."

ವಾರ್ತೊಯೊ ಚೀಲವನ್ನೆತ್ತಿ ಮುಖಕ್ಕೆ ಅಡ್ಡ ಹಿಡಿದರು. ಚೀಲದ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬು ತುಮಿರಾ ಅವರ ಅಂಗಡಿಯ ಹೆಸರಿತ್ತು.

"ಕಡಲೆಕಾಯಿ ಚೆನ್ನಾಗಿ ಬಿಟ್ಟಿದೆಯಾ, ಪಾಕ್ ವಾರ್ತೊಯೊ?"

ಚೀಲ ಇಳಿಯಿತು. ಎದುರಿಗೆ ಬೀದಿಯ ಹತ್ತು ಹೆಂಗಸರು. ಅವರ ಗಂಡಂದಿರು ಆಚೆ ಮರದಡಿ ಮಲಗಿದ್ದರು.

"ನೀವೆಲ್ಲ ಇಲ್ಲಿ?" ವಾರ್ತೊಯೊ ಸಾವರಿಸಿಕೊಂಡು ಗದರಿಸಲು ನೋಡಿದರು. "ನನಗೊಂದು ಮಾತು ಹೇಳಲಿಲ್ಲ?"

"ಎರಡು ತಿಂಗಳ ಹಿಂದೇನೇ ಬಸ್ಸಿಗೆ ಹೇಳಿದ್ವಿ. ನಿಮ್ಮೊಬ್ರನ್ನ ಬಿಟ್ಟು ಎಲ್ಲರಿಗೂ ಗೊತ್ತು," ಎಂದರು ಬು ತುಮಿರಾ. "ಹೇಳಿದ್ರೆ ಏನೇನು ತರಬೇಕು ಅಂತ ಪಟ್ಟಿ ಕೊಡ್ತೀರಿ. ಹೋದ್ಸಲ ನಾನು ಸುರಬಾಯದಿಂದ ಬಂದಾಗ ಚಪ್ಪಲಿ ಬಿಡೋಕೂ ಬಿಡದೆ ಡಬ್ಬ ತೆಗೆಸಿದ್ರಿ. ಆಮೇಲೆ ಕೇಕು ನಜ್ಜುಗುಜ್ಜಾಗಿದೆ ಅಂತ ವಾರವಿಡೀ ಹೇಳ್ಕೊಂಡು ತಿರುಗಿದ್ರಿ. ನಿಮ್ಮ ಮನೆಯವರನ್ನ ಕರೆದ್ವಿ. ಪಾಕ್ನೆಯನ್ನ ಬಿಟ್ಟು ಬರಲ್ಲ ಅಂದ್ರು."

ವಾರ್ತೊಯೊ ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ? ಶನಿವಾರ ಅಂತಾನೂ?"

"ದಿನ ಗೊತ್ತು ಮಾಡಿದ್ದು ನೀವು. ನಾನ್ಯಾಕೆ ಅಡ್ಡ ಬರಲಿ."

ಲಿಫ್ಟಿನ ಬಾಗಿಲು ತೆರೆಯಿತು. ಹನ್ನೊಂದು ಜನ ಮಾತ್ರ, ಗಂಟುಮೂಟೆ ಬೇಡ ಎಂದ ಒಳಗಿನವನು. ಹತ್ತು ಜನ ಹೆಂಗಸರು ಲಾಸ್ಮಿಯ ಕೈ ಹಿಡಿದು ಒಳಗೆಳೆದುಕೊಂಡರು. ಅವರು ಕೊಂಡಿದ್ದ ಓಲೆ-ಓಲೆಯ ಡಬ್ಬಗಳು ಒಂದೊಂದಾಗಿ ವಾರ್ತೊಯೊ ಅವರ ತೋಳಿಗೆ ಬಂದವು; ಕೊನೆಯದು ಗದ್ದಕ್ಕೆ ತಾಗಿ ನಿಂತಿತು. ಬಾಗಿಲು ಮುಚ್ಚುವ ಮುನ್ನ ಲಾಸ್ಮಿಯ ಮುಖ ಕಂಡಿತು. ಮದುವೆಯ ವಾರದ ನಂತರ ಅವರು ಆ ಮುಖವನ್ನು ನೋಡಿರಲಿಲ್ಲ.

ಸಾಲಿನಲ್ಲಿ ಒಬ್ಬರೇ ಉಳಿದು ನೋಡಿದರೆ, ಗದ್ದಕ್ಕೆ ತಾಗಿದ ಡಬ್ಬದ ಮೇಲೆ ಬು ತುಮಿರಾ ಅವರ ಬರಹ: 'ಪಾಕ್ ವಾರ್ತೊಯೊ ಮನೆಗೆ'. ಇನ್ನು ಮೇಲೆ ಯಾರ ಓಲೆ-ಓಲೆಯಲ್ಲೂ ಹುಳುಕು ಹುಡುಕಬಾರದೆಂದು ಅಲ್ಲೇ ಶಪಥ ಮಾಡಿದರು. ಶಪಥ ಸುಮಾರು ಎರಡು ನಿಮಿಷ ಬಾಳಿತು.

"ನೋಡಿ ಸ್ವಾಮಿ," ಎಂದರು ಹಿಂದೆ ನಿಂತಿದ್ದ ಅಪರಿಚಿತನಿಗೆ, ಗದ್ದದಿಂದಲೇ ಡಬ್ಬ ತೋರಿಸುತ್ತ, "ಈ ಮೂಲೇನ ಹೇಗೆ ನಜ್ಜುಗುಜ್ಜು ಮಾಡಿಬಿಟ್ಟಿದಾರೆ."