ಪಿಸ್ತೂಲು ಕೊಳ್ಳಹೋಗಿ

ಒಂದು ಕಾಲಕ್ಕೆ ನನ್ನ ಕೈಯಲ್ಲಿ ಪಿಸ್ತೂಲು ಹೇಳಿದ ಮಾತು ಕೇಳುತ್ತಿತ್ತು ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಈಗ ಟಿವಿಯ ರಿಮೋಟು ಕೂಡ ನನ್ನ ಮಾತು ಕೇಳುವುದಿಲ್ಲ. (ಅದು ಸದಾ ನನ್ನಾಕೆಯ ಮಡಿಲಲ್ಲಿರುತ್ತದೆ.) ಆದರೆ ನನ್ನ ಹತ್ತಿರ ಸಾಕ್ಷಿ ಇತ್ತು. ಪಡಸಾಲೆಯ ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲಿ, ಗಾಜಿನ ಕಟ್ಟು ಹಾಕಿಸಿದ ಒಂದು ಟಾರ್ಗೆಟ್ ಕಾಗದ. ಕರಿ ವೃತ್ತಗಳ ಮೇಲೆ ಐದು ತೂತು, ಅದರಲ್ಲೂ ಎರಡು ನಟ್ಟನಡುವೆ. ಮೂವತ್ತೊಂದು ವರ್ಷಗಳ ಹಿಂದೆ ಶೂಟಿಂಗ್ ಕ್ಲಬ್ಬಿನ ವಾರ್ಷಿಕ ಪಂದ್ಯದ ಕೊನೆಯ ಸುತ್ತಿನಲ್ಲಿ ಹೊಡೆದದ್ದು. ಅದರಿಂದಲೇ ನನಗೆ ಮೂರನೆಯ ಸ್ಥಾನ ಬಂತು, ಕಂಚಿನ ಪದಕ ಬಂತು. ಆಮೇಲೆ ನನಗೆ ಬಂದದ್ದೆಲ್ಲ ಬರೀ ಬೆನ್ನುನೋವು.

ಆ ಭಾನುವಾರಗಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಹನ್ನೊಂದು ಜನ ಸದಸ್ಯರು, ಒಂದೇ ಒಂದು ಪಾಯಿಂಟ್ ಟೂ ಟೂ ಪಿಸ್ತೂಲು. ಅದರ ಮರದ ಹಿಡಿ ಸೀಳಿ, ಕರೆಂಟಿನ ವೈರಿಗೆ ಸುತ್ತುವ ಕಪ್ಪು ಟೇಪು ಸುತ್ತಿದ್ದರು. ಬೇಸಿಗೆಯಲ್ಲಿ ಟೇಪಿನ ಅಂಟು ಅಂಗೈಗೆ ಹತ್ತಿ, ಸರದಿ ಮುಗಿದರೂ ಪಿಸ್ತೂಲು ನಮ್ಮನ್ನು ಬಿಡುತ್ತಿರಲಿಲ್ಲ. ಮದ್ದಿನ ವಾಸನೆ, ಎಣ್ಣೆ ಬಟ್ಟೆಯ ವಾಸನೆ, ಕಾಲು ಅಲ್ಲಾಡುವ ಬೆಂಚು. ಕ್ಲಬ್ಬಿನ ಕಾರ್ಯದರ್ಶಿ ಗುಂಡಿಗಿಂತ ಜೋರಾಗಿ ಕೂಗುವ ಮನುಷ್ಯ. ಅವರ ಮಗಳು ಟಾರ್ಗೆಟ್ ಕಾಗದಗಳನ್ನು ಹೋಗಿ ತಂದು, ಮೂಲೆಯ ಮೇಜಿನ ಮುಂದೆ ಕೂತು ಅಂಕ ಬರೆಯುತ್ತಿದ್ದಳು. ನನ್ನ ಗುರಿ ಅಷ್ಟೊಂದು ಅಲ್ಲಾಡುತ್ತಿದ್ದುದಕ್ಕೆ ಆ ಮೇಜೂ ಒಂದು ಕಾರಣ. ಆ ಹುಡುಗಿಯೇ ಈಗ ರಿಮೋಟಿನ ಒಡತಿ.

ಕಳೆದ ತಿಂಗಳು ಕ್ಲಬ್ಬಿನಿಂದ ಫೋನು ಬಂತು. ಐವತ್ತೈದು ದಾಟಿದವರಿಗೆ ಪಂದ್ಯ ಇಟ್ಟಿದ್ದಾರೆ, ಹಳಬರೆಲ್ಲ ಬರಬೇಕು, ಆದರೆ ಪಿಸ್ತೂಲು ಅವರವರೇ ತರಬೇಕು. ಫೋನು ಇಟ್ಟ ಕ್ಷಣದಿಂದ ನನಗೆ ಇಪ್ಪತ್ತಾರು ವಯಸ್ಸು. ಜೀವಮಾನದಲ್ಲಿ ಒಂದೇ ಒಂದು ದಿನ ನಾನು ಏನೋ ಆಗಿದ್ದೆ. ಅದು ಅದೃಷ್ಟದಾಟ ಅಲ್ಲ, ನಿಜಕ್ಕೂ ನನ್ನ ಕೈಯ ಗುಣ ಎಂದು ಇನ್ನೊಮ್ಮೆ ತೋರಿಸಬೇಕು, ಅಷ್ಟೇ ನನ್ನ ಆಸೆ. ಮಗಳು ಒಮ್ಮೆ ಆ ಕಟ್ಟು ಒರೆಸುತ್ತಾ, ‘ಅಪ್ಪ, ನೀವು ಸೂಜಿಗೆ ದಾರ ಪೋಣಿಸೋದನ್ನ ನೋಡಿದ್ರೆ ಇದು ನಂಬೋಕಾಗಲ್ಲ’ ಎಂದಿದ್ದಳು. ಆ ಮಾತು ನನಗೆ ಇನ್ನೂ ಚುಚ್ಚುತ್ತಿತ್ತು.

ಗೃಹಮಂತ್ರಾಲಯದಲ್ಲಿ ಪ್ರಸ್ತಾವ ಮಂಡಿಸಿದೆ. ಫ್ರಿಜ್ಜಿನ ಬಾಗಿಲು ಮುಚ್ಚದೆ ಆರು ತಿಂಗಳಾಯಿತು, ಇಟ್ಟಿಗೆ ಒತ್ತು ಕೊಟ್ಟು ನಿಲ್ಲಿಸಿದ್ದೇವೆ, ಈಗ ಪಿಸ್ತೂಲು ಬೇಕೇ ಎಂದು ವಿರೋಧ ಬಂತು. ಎರಡು ದಿನ ಮಾತುಕತೆ, ಒಂದು ದಿನ ಮೌನ. ಕೊನೆಗೆ ಹೊಸ ಫ್ರಿಜ್ಜಿಗೆ ಎಷ್ಟಾಗುತ್ತದೋ ಅದರೊಳಗೆ ಪಿಸ್ತೂಲು ಬಂದರೆ ಸರಿ, ಇಟ್ಟಿಗೆ ಇನ್ನೊಂದು ವರ್ಷ ಸೇವೆಯಲ್ಲಿರಲಿ ಎಂದು ಒಪ್ಪಂದವಾಯಿತು.

ಆಗ ನನಗೆ ಆ ದಿವ್ಯ ಉಪಾಯ ಹೊಳೆಯಿತು. ಗೋಡೆಯಿಂದ ಕಟ್ಟನ್ನು ಇಳಿಸಿ ಚೀಲಕ್ಕೆ ಹಾಕಿಕೊಂಡೆ. ಅಳತೆಗೆಂದು ದರ್ಜಿಯ ಹತ್ತಿರ ಹಳೆಯ ಅಂಗಿ ಒಯ್ಯುವುದಿಲ್ಲವೇ, ಹಾಗೆ. ಇಷ್ಟು ಒತ್ತಾಗಿ ಹೊಡೆಯುವ ಪಿಸ್ತೂಲು ಕೊಡಿ ಎಂದರೆ ಮುಗಿಯಿತು. ನನ್ನಾಕೆ ಗಾಜು ಒಡೆದೀತು ಎಂದಳು. ಮಳೆ ಬಂದೀತು ಎಂದಳು. ಬಸ್ಸಿನಲ್ಲಿ ಯಾರಾದರೂ ನೋಡಿ ನಕ್ಕಾರು ಎಂದಳು. ಬಿಸಿಲು ಸುಡುತ್ತಿದ್ದರೂ ಮಳೆಯ ಭಯ ಅವಳಿಗೇಕೆ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ. ಕೊನೆಗೆ ಅವಳೂ ಜೊತೆಗೇ ಹೊರಟಳು.

ಬಂದೂಕಿನ ಅಂಗಡಿಯವರು ರಿಪೇರಿಯಲ್ಲಿ ಪಳಗಿದ ಮುದುಕರು. ಬಲಗಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವುದರಿಂದ ಊರೆಲ್ಲ ಅವರನ್ನು ಭೂತಗನ್ನಡಿಯವರು ಎನ್ನುತ್ತದೆ. ಅಂಗಡಿಯ ಹಿಂದೆ ಉದ್ದನೆಯ ಶೆಡ್ಡು, ಅದರ ತುದಿಗೆ ಮಣ್ಣಿನ ದಿಬ್ಬ. ನನ್ನ ಲೈಸೆನ್ಸು ನೋಡಿ ಮೂರು ಪಿಸ್ತೂಲು ತೆಗೆದಿಟ್ಟರು. ಮೊದಲನೆಯದರ ಹಿಡಿ ಬೆರಳಿಗೆ ಬೆರಳು ಹೊಂದುವಂತೆ ಕೆತ್ತಿದ್ದು. ಬೆಲೆ ಕೇಳಿದೆವು, ಎರಡು ಫ್ರಿಜ್ಜು ಮತ್ತು ಒಂದು ಮಿಕ್ಸಿ. ಸದ್ದಿಲ್ಲದೆ ಕೆಳಗಿಟ್ಟೆ. ಎರಡನೆಯದು ಹೊಸದು, ಬಲು ಅಗ್ಗ, ಆದರೆ ಅದರ ಕುದುರೆ, ಅಂದರೆ ಟ್ರಿಗರ್, ಎಳೆಯುವುದೆಂದರೆ ಬಾವಿಯಿಂದ ತುಂಬಿದ ಬಿಂದಿಗೆ ಸೇದಿದಂತೆ. ಮೇಲಾಗಿ ಪ್ರತಿ ನಾಲ್ಕನೆಯ ಗುಂಡಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೂರನೆಯದು ಯಾರೋ ಬಳಸಿ ಬಿಟ್ಟದ್ದು. ಬಣ್ಣ ಮಾಸಿತ್ತು, ಕುದುರೆ ಮಾತ್ರ ಗಾಜಿನ ಕಡ್ಡಿ ಮುರಿದಂತೆ ಚಟ್ಟನೆ ಬಿಡುತ್ತಿತ್ತು. ಯಾವ ಕಂಪನಿಯ ಗುಂಡು ಹಾಕಿದರೂ ತಕರಾರಿಲ್ಲ. ಬೆಲೆಯೂ ಒಂದು ಫ್ರಿಜ್ಜಿಗೆ ಸ್ವಲ್ಪ ಕಡಿಮೆ.

ಭೂತಗನ್ನಡಿಯವರು ಅದನ್ನು ಮರಳುಚೀಲದ ಮೇಲೆ ಒರಗಿಸಿ ಐದು ಗುಂಡು ಹೊಡೆದರು. ಐದೂ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಚೀಲದ ಮೇಲಿಟ್ಟರೆ ಪಿಸ್ತೂಲಿನ ಗುಣ ಗೊತ್ತಾಗುತ್ತದೆ, ಕೈಯಲ್ಲಿ ಹಿಡಿದರೆ ಮನುಷ್ಯನ ಗುಣ ಗೊತ್ತಾಗುತ್ತದೆ ಎಂದು ವಿವರಿಸಿದರು.

ಅಲ್ಲಿಗೇ ಹಣ ಕೊಟ್ಟು ಎದ್ದಿದ್ದರೆ ಎಂಥ ನೆಮ್ಮದಿ! ನಾನು ಚೀಲದಿಂದ ಕಟ್ಟನ್ನು ಹೊರತೆಗೆದೆ. “ಮನುಷ್ಯನ ಗುಣ ಅಂದ್ರಲ್ಲ, ಇದನ್ನ ನೋಡಿ. ಇದು ಕೈಯಲ್ಲಿ ಹಿಡಿದು ಹೊಡೆದದ್ದು” ಎಂದೆ, ಮೀಸೆ ಇಲ್ಲದಿದ್ದರೂ ಅದಿರಬೇಕಾದ ಜಾಗ ತಿರುವುತ್ತಾ.

ಅವರು ಕಟ್ಟನ್ನು ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಭೂತಗನ್ನಡಿ ತಂದರು. ಬಹಳ ಹೊತ್ತು ನೋಡಿದರು. ಮೆಚ್ಚುಗೆಗೆ ಮಾತು ಸಿಗುತ್ತಿಲ್ಲ ಎಂದುಕೊಂಡು ನಾನು ವಿನಯದಿಂದ ತಲೆ ತಗ್ಗಿಸಿದೆ.

“ಸಾರ್, ಗುಂಡು ಕಾಗದದೊಳಗೆ ಹೋಗೋವಾಗ ತನ್ನ ಮೈಯ ಮಸಿಯನ್ನೆಲ್ಲ ತೂತಿನ ಅಂಚಿಗೆ ಒರೆಸಿ ಹೋಗುತ್ತೆ. ಸುತ್ತಲೂ ಬೂದುಬಣ್ಣದ ಉಂಗುರ ಕಾಣಿಸ್ತದೆ. ಅಂಚಿನ ಮೂರು ತೂತಿಗೆ ಆ ಉಂಗುರ ಇದೆ” ಎಂದರು. “ನಡುವಿನ ಎರಡಕ್ಕೆ ಇಲ್ಲ. ಅಲ್ಲಿ ಒಂದೇ ಪಕ್ಕದಲ್ಲಿ ಮಿರಮಿರ ಅಂತಿದೆ. ಇವೆರಡು ಪಿಸ್ತೂಲಿನಿಂದ ಆದದ್ದಲ್ಲ. ಪೆನ್ಸಿಲ್ಲಿನಿಂದ ಆದದ್ದು.”

ನಾನು ನಕ್ಕೆ. ಭೂತಗನ್ನಡಿಯವರು ನಗಲಿಲ್ಲ. ಬೆಂಬಲಕ್ಕೆಂದು ನನ್ನಾಕೆಯ ಕಡೆ ತಿರುಗಿದೆ. ಅವಳು ಗೋಡೆಗೆ ಅಂಟಿಸಿದ ಲೈಸೆನ್ಸು ನಿಯಮಗಳನ್ನು ಬಾಯಿಪಾಠ ಮಾಡುವವಳಂತೆ ಓದುತ್ತಿದ್ದಳು.

ಹೊರಗೆ ಬಸ್ಸಿನ ನಿಲ್ದಾಣದಲ್ಲಿ ಅವಳ ಬಾಯಿ ಬಿಡಿಸಿದೆ. ಆ ದಿನ ಕಾಗದ ತರಲು ಹೋದಾಗ ಅದರಲ್ಲಿ ಮೂರೇ ತೂತು ಇದ್ದವಂತೆ. ಉಳಿದೆರಡು ಗುಂಡು ಮಣ್ಣಿನ ದಿಬ್ಬದಲ್ಲಿ ಎಲ್ಲೋ ಐಕ್ಯವಾಗಿದ್ದವು. ಅಲ್ಲಿಂದ ಮೇಜಿಗೆ ನಡೆದು ಬರುವಷ್ಟರಲ್ಲಿ ಅವಳ ಪೆನ್ಸಿಲ್ಲು ಕೆಲಸ ಮುಗಿಸಿತ್ತು.

“ಮತ್ತೇನು ಮಾಡ್ಲಿ? ‘ಪದಕ ಬಂದ ದಿನ ನಿಮ್ಮಪ್ಪನ ಹತ್ತಿರ ಬಂದು ಮದುವೆ ಮಾತಾಡ್ತೀನಿ’ ಅಂತ ನೀವೇ ಹೇಳಿದ್ರಿ. ನಾಲ್ಕು ವರ್ಷ ಅಂಕ ಬರೆದವಳು ನಾನು. ನಿಮ್ಮ ಕೈ ನಂಬ್ಕೊಂಡ್ರೆ ನಾನು ಆ ಮೇಜಲ್ಲೇ ಮುದುಕಿ ಆಗ್ತಿದ್ದೆ” ಎಂದಳು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಮೂವತ್ತೊಂದು ವರ್ಷ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಪ್ರತಿ ನೆಂಟರ ಮುಂದೆ ನಾನು ಕೊಚ್ಚಿಕೊಳ್ಳುವಾಗಲೂ ಕಾಫಿ ಲೋಟ ಹಿಡಿದು ಸುಮ್ಮನೆ ನಿಂತಿದ್ದಳಲ್ಲ. ಸೀದಾ ಅಂಗಡಿಗೆ ಹಿಂತಿರುಗಿ ಆ ಮೂರನೆಯ ಪಿಸ್ತೂಲನ್ನೇ ಕೊಂಡೆ. ಈ ಸಲ ನಿಜವಾಗಿ ಹೊಡೆದು ಅವಳ ಋಣ ತೀರಿಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಪಂದ್ಯದ ದಿನ ಅಂಕ ಬರೆಯುವವರು ಯಾರೂ ಸಿಗದೆ, ಕ್ಲಬ್ಬಿನವರು ಅನುಭವಸ್ಥರು ಎಂದು ನನ್ನಾಕೆಯನ್ನೇ ಆ ಮೇಜಿಗೆ ಕೂರಿಸಿದರು. ಅದೇ ಮೂಲೆ, ಅದೇ ಮೇಜು, ತಲೆಯಲ್ಲಿ ಮಾತ್ರ ಬಿಳಿ ಕೂದಲು. ಉಸಿರು ಬಿಗಿಹಿಡಿದು ಐದು ಗುಂಡು ಹೊಡೆದೆ. ಅವಳು ಕಾಗದ ತರಲು ಹೋದಳು, ತಂದಳು, ಮೇಜಿನ ಮೇಲೆ ಹರಡಿದಳು.

ಮೂರು ತೂತು.

ಪಿಸ್ತೂಲನ್ನು ಬೈಯುವಂತಿಲ್ಲ, ಅದರ ಗುಣ ಮರಳುಚೀಲದ ಮೇಲೆ ರುಜುವಾತಾಗಿತ್ತು. ನಾನು ಅತ್ತಿತ್ತ ನೋಡಿದೆ. ಯಾರೂ ಗಮನಿಸುತ್ತಿರಲಿಲ್ಲ. ಅವಳ ಕೈಯ ಪೆನ್ಸಿಲ್ಲನ್ನೂ ಅವಳ ಮುಖವನ್ನೂ ಒಂದಾದ ಮೇಲೊಂದು ದೀನನಾಗಿ ನೋಡಿದೆ. ಅವಳಿಗೆ ಅರ್ಥವಾಯಿತು. ಮೂರು ತೂತಿನ ಅಂಕವನ್ನು ಕೂಡಿಸಿ, ದುಂಡಗೆ ಬರೆದು, ಕೆಳಗೆ ಗೆರೆ ಎಳೆದಳು.

“ಆಗ ನಮ್ಮ ಮದುವೆ ಆಗ್ಬೇಕಿತ್ತು ರೀ, ಈಗ ಆಗಿದೆಯಲ್ಲ” ಎಂದು ಮೆಲ್ಲಗೆ ಹೇಳಿ, ಮುಂದಿನವರನ್ನು ಕರೆದಳು.