ಹೌದೆನ್ನುವ ಬಾಯಿ, ಇಲ್ಲವೆನ್ನುವ ತಲೆ

ರಾಯಚೂರಿನಲ್ಲಿ ನನ್ನದೊಂದು ಕೈರೋಪ್ರಾಕ್ಟಿಕ್ ಕ್ಲಿನಿಕ್. ಬೆನ್ನು, ಕುತ್ತಿಗೆ ನೋವಿಗೆ ಕೈಯಿಂದಲೇ ಚಿಕಿತ್ಸೆ. ಜನ ನೋವು ಹೇಳಲು ಬಂದು ನಗಿಸಿ ಹೋಗುತ್ತಾರೆ. ಕೆದಕಿ ಕೇಳುವ ಚಟ ನನಗೂ ಇದೆ. ಮಸರಕಲ್ ಕಡೆಯ ಟೀಚರೊಬ್ಬರ ಕಥೆ ಸಿಕ್ಕಿದ್ದು ಹಾಗೆಯೇ.

ಮೊದಲ ಭೇಟಿ

ಮನಸ್ಸಿನ ಕಾಯಿಲೆಗೆ ವರ್ಷಗಟ್ಟಲೆ ನುಂಗಿದ ಗುಳಿಗೆಯಿಂದ ಅವರ ತಲೆ ತಾನಾಗಿಯೇ ಎಡಕ್ಕೂ ಬಲಕ್ಕೂ ಅಲ್ಲಾಡುತ್ತಿತ್ತು. ಅಲ್ಲಾಡಿ ಅಲ್ಲಾಡಿ ಕುತ್ತಿಗೆ ಕಲ್ಲಾಗಿತ್ತು.

"ಮುಂದಿನ ತಿಂಗಳು ಸಾಹೇಬ್ರು ಶಾಲಿ ತಪಾಸಣೆಗೆ ಬರ್ತಾರ. ನನ್ನ ತಲಿ ನೋಡಿ, ಪಾಠ ಬಿಡಿಸಿ ಆಫೀಸ್ನಾಗ ಕೂಡಿಸಿದ್ರ ಹೆಂಗ್ರಿ?" ಎಂದು ಕಣ್ಣು ತುಂಬಿಕೊಂಡರು. ಮಕ್ಕಳಿಲ್ಲದ ಕೋಣೆಯಲ್ಲಿ ಅವರು ಬದುಕುವವರಲ್ಲ. ನನಗೂ ಸಂಕಟವಾಯಿತು.

"ನೋವು ಬಾಳ ಅದ ಏನ್ರಿ?" ಎಂದೆ.

"ಬಾಳ ಅದರಿ," ಎಂದರು. ತಲೆ ಇಲ್ಲವೆಂದಿತು.

ಯಾವುದನ್ನು ಬರೆದುಕೊಳ್ಳಲಿ ಎಂದು ಪೆನ್ನು ಹಿಡಿದು ಕುಳಿತೆ.

"ಬಾಯಿ ನಂದರಿ, ಅದು ಹೇಳಿದ್ದು ಬರ್ಕೋರಿ. ತಲಿ ಗುಳಿಗೀದು."

ಗಂಡನ ದೂರು

ಎರಡನೇ ಸಲ ಗಂಡನೂ ಬಂದರು. "ಕುತ್ತಿಗಿ ಹಿಡದು ಲಟಕ್ ಅನಿಸ್ರಿ, ಸರಿಹೋಗ್ತದ," ಎಂದು ನನಗೇ ಪಾಠ ಹೇಳಿದರು.

ಅಂಥ ಕುತ್ತಿಗೆಯನ್ನು ತಿರುಚಬಾರದು, ಬಿಗಿದ ಸ್ನಾಯು ಸಡಿಲಿಸಿ ನೋವು ಇಳಿಸಬಲ್ಲೆ ಅಷ್ಟೇ ಎಂದೆ. ಅಲ್ಲಾಟದ ಬಗ್ಗೆ ಗುಳಿಗೆ ಕೊಟ್ಟ ಡಾಕ್ಟರನ್ನೇ ಕೇಳಿ, ಗುಳಿಗೆ ನೀವಾಗಿಯೇ ಬಿಡಬೇಡಿ ಎಂದೂ ಹೇಳಿದೆ.

"ನಾ ಏನು ಹೇಳಿದ್ರೂ ಈಕಿ ತಲಿ ಬ್ಯಾಡ ಅಂತದರಿ," ಎಂದರು ಗಂಡ.

"ಗುಳಿಗಿ ಸುರು ಆಗೋಕಿಂತ ಮೊದ್ಲೂ ಹಂಗ ಅಂತಿತ್ತಲ್ರಿ," ಎಂದರು ಟೀಚರ್.

ತಪಾಸಣೆ

ಡಾಕ್ಟರು ಗುಳಿಗೆ ಬದಲಿಸಿದರು. ಕುತ್ತಿಗೆ ನೋವೂ ಇಳಿಯಿತು. ಆದರೆ ಅಲ್ಲಾಟ ನಿಲ್ಲುವ ಮೊದಲೇ ಸಾಹೇಬರು ಬಂದರು. ಕುತೂಹಲ ತಡೆಯದೆ ಅಂದು ಸಂಜೆ ನಾನೇ ಫೋನ್ ಮಾಡಿದೆ. ಟೀಚರ್ ನಡೆದದ್ದನ್ನು ಹೇಳಿದರು.

ಸಾಹೇಬರು ಹುಡುಗಿಯೊಬ್ಬಳನ್ನು ಎಬ್ಬಿಸಿ "ಏಳೆಂಟ್ಲೆ ಎಷ್ಟು?" ಎಂದರು.

"ಐವತ್ತಾರ್ರಿ."

ಟೀಚರ ತಲೆ ಅಲ್ಲವೆಂದಿತು.

"ನೋಡು, ನಿಮ್ಮ ಟೀಚರ್ ಅಲ್ಲ ಅನ್ನಾಕತ್ತಾರ. ವಿಚಾರ ಮಾಡಿ ಹೇಳು," ಎಂದರು ಸಾಹೇಬರು.

ಬೇರೆ ಮಕ್ಕಳಾದರೆ ಟೀಚರ್ ಮುಖ ನೋಡಿ ಉತ್ತರ ಬದಲಿಸುತ್ತಿದ್ದವು. ಈ ಮಕ್ಕಳಿಗೆ ಆ ದಾರಿಯೇ ಇರಲಿಲ್ಲ.

"ಟೀಚರ್ ತಲಿ ಎಲ್ಲಾದಕ್ಕೂ ಹಂಗ ಅಂತದರಿ. ಐವತ್ತಾರಂದ್ರ ಐವತ್ತಾರ!" ಎಂದಳು ಹುಡುಗಿ.

ಸಾಹೇಬರು ಮತ್ತೆ ಟೀಚರನ್ನು ನೋಡಿದರು. ತಲೆ ಮತ್ತೂ ಅಲ್ಲವೆಂದಿತು. ಈಗ ಅವರಿಗೇ ಅನುಮಾನ ಬಂತು. ಗೋಡೆಯ ಕಡೆ ತಿರುಗಿ, ಏಳೊಂದ್ಲೆ ಏಳರಿಂದ ಬೆರಳು ಮಡಚುತ್ತ ಎಣಿಸಿದರಂತೆ. ಐವತ್ತಾರೇ ಬಂತು.

"ಟೀಚರ್, ಈ ಕ್ಲಾಸು ನೀವೇ ನಡಸ್ರಿ," ಎಂದರಂತೆ. "ಇಷ್ಟು ವರ್ಷದ ಮ್ಯಾಲ ನನ್ನ ಮಗ್ಗಿನೂ ಇವತ್ತ ಪಕ್ಕಾ ಆತು."