ಆಟದ ಪೆಟ್ಟಿಗೆಗೆ ಬಿಡಿಸಾಮಾನು ಕೊಂಡ ಕಥೆ

ನಾನು ಕೆಲಸ ಮಾಡುವ ಕೋಣೆಗೆ ನಗುನಗುತ್ತಾ ಬಂದವರನ್ನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಕೈ ಸ್ವಾಧೀನ ತಪ್ಪಿದವರು, ಕಾಲು ಕಳೆದುಕೊಂಡವರು, ಸೊಂಟ ಮುರಿದುಕೊಂಡವರು, ಅವರನ್ನು ಎತ್ತಿ ಇಳಿಸಿ ಹೈರಾಣಾದ ಮನೆಯವರು, ಬರುವುದು ಇವರೇ. ಆದರೂ ವಾರಕ್ಕೊಮ್ಮೆಯಾದರೂ ಇವರಲ್ಲೇ ಯಾರೋ ಏನೋ ಮಾಡಿ, ನಾನು ಗೋಡೆ ಕಡೆ ತಿರುಗಿ ನಗು ತಡೆದುಕೊಳ್ಳುವ ಹಾಗಾಗುತ್ತದೆ. ತಮಿಳುನಾಡಿನ ತೇನಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿ ಮಾಡಿಸುವವಳು.

ನಮ್ಮ ಡಾಕ್ಟರು ಮದುರೈಗೆ ಯಾವುದೋ ಸಭೆಗೆ ಹೋದವರು, ಬರುವಾಗ ಟಿವಿಗೆ ಜೋಡಿಸುವ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದರು. ಕೂತಲ್ಲೇ ಗುಂಡಿ ಒತ್ತಿ ಆಡುವ ಜಾತಿಯದಲ್ಲ. ರಿಮೋಟ್ ಹಿಡಿದು ಕೈ ಬೀಸಿದರೆ ಪರದೆಯ ಮೇಲೂ ಬ್ಯಾಟು ಬೀಸುತ್ತದೆ. “ವ್ಯಾಯಾಮ ಅಂದರೆ ಅಳ್ತಾರೆ, ಆಟ ಅಂದರೆ ಮಾಡ್ತಾರೆ” ಎಂದರು ಡಾಕ್ಟರು. ಪೆಟ್ಟಿಗೆಯ ಜೊತೆ ಬಂದದ್ದು ಒಂದು ರಿಮೋಟ್, ಒಂದಿಷ್ಟು ವೈರು. ಮಿಕ್ಕಿದ್ದನ್ನೆಲ್ಲ ನೀನೇ ನೋಡಿ ಆರಿಸು, ಆದರೆ ಒಂದು ಸಲಕ್ಕೆ ಒಂದೇ, ಎಂದು ಅಪ್ಪಣೆಯಾಯಿತು.

ಪಟ್ಟಿಯೋ, ತೊಗಲೋ

ಬಸ್ ಸ್ಟ್ಯಾಂಡಿನ ಹಿಂದೆ ಹಳೆಯ ಮೊಬೈಲು ಮಾರುವ ಅಂಗಡಿಯಲ್ಲಿ ಇಂಥ ಸಾಮಾನು ಸಿಗುತ್ತದೆ. ಅಂಗಡಿಯವನು ಕೇಳಿದ, “ಮಗುವಿಗೆ ಎಷ್ಟು ವಯಸ್ಸು ಮೇಡಂ?”

“ಅರವತ್ತೆಂಟು.”

ಅವನು ಮತ್ತೇನೂ ಕೇಳದೆ ಎರಡು ಸಾಮಾನು ಮುಂದಿಟ್ಟ. ಒಂದು ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಕೈ ಬಿಟ್ಟರೂ ರಿಮೋಟ್ ಹಾರಿಹೋಗದ ಹಾಗೆ. ಇನ್ನೊಂದು ರಿಮೋಟಿಗೆ ತೊಡಿಸುವ ರಬ್ಬರಿನ ತೊಗಲು, ಹಿಡಿತ ಜಾರದ ಹಾಗೆ.

ಆ ಅರವತ್ತೆಂಟರ ಮಗು ಕೊಂಬೈ ಊರಿನ ರಿಟೈರಾದ ಬಸ್ ಕಂಡಕ್ಟರು, ಮನೆಮಾತು ನಮ್ಮದೇ ಕನ್ನಡ. ಪಾರ್ಶ್ವವಾಯು ಬಡಿದು ಬಲಗೈ ಮುಷ್ಟಿ ಕಟ್ಟಿದ್ದು ಬಿಚ್ಚಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನು ಬಿಡಿಸಿದರೆ ಮತ್ತೆ ಒಳಕ್ಕೆ ಮಡಿಸಿಕೊಳ್ಳುತ್ತಿದ್ದವು. ಉಗುರು ಅಂಗೈಗೆ ಚುಚ್ಚಿ ಹುಣ್ಣಾಗಿತ್ತು. ಅವರ ಹೆಂಡತಿ ದಿನಾ ಆ ಮುಷ್ಟಿಯೊಳಗೆ ಬಟ್ಟೆಯ ಸುರುಳಿ ತುರುಕಿ ಕರೆತರುತ್ತಿದ್ದರು. ಬಿಚ್ಚದ ಕೈಯಿಂದ ರಿಮೋಟ್ ಹಾರುವುದೆಲ್ಲಿಂದ ಬಂತು? ನಾನು ತೊಗಲನ್ನೇ ಆರಿಸಿದೆ.

ಎರಡು ತಿಂಗಳು ಅವರು ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟ ಆಡಿದರು. ಚೆಂಡು ಬಿಡಬೇಕಾದಾಗ ಬಿಡಲಾಗುತ್ತಿರಲಿಲ್ಲ. “ಈ ಕೈ ನನ್ನದಲ್ಲ ತಾಯೀ, ಯಾರೋ ಮರೆತು ಬಿಟ್ಟೋಗಿರೋ ಲಗೇಜು” ಅನ್ನುತ್ತಿದ್ದರು. ಒಂದು ದಿನ ಬೆಳಿಗ್ಗೆ ತೋಳು ಬೀಸಿದರು, ಐದು ಬೆರಳೂ ಹೂವಿನ ಹಾಗೆ ಬಿಚ್ಚಿಕೊಂಡವು, ರಿಮೋಟ್ ನೇರ ಹೋಗಿ ಟಿವಿಗೆ ಬಡಿಯಿತು. ಪರದೆ ಮೂಲೆಯಿಂದ ಮೂಲೆಗೆ ಸೀಳಿತು.

ಸದ್ದು ಕೇಳಿ ಡಾಕ್ಟರು ಓಡಿಬಂದರು. ಕಂಡಕ್ಟರು ತಮ್ಮ ಅಂಗೈಯನ್ನು ತಾವೇ ನೋಡಿಕೊಂಡು ಗಳಗಳ ಅಳುತ್ತಿದ್ದರು. ಅವರ ಹೆಂಡತಿ ಅಳುತ್ತಿದ್ದರು. ನಾನೂ ಕಣ್ಣೊರೆಸಿಕೊಳ್ಳುತ್ತಾ, “ಬಿಟ್ಟರು ಸಾರ್! ಅವರೇ ಬಿಟ್ಟರು!” ಎಂದೆ. ಡಾಕ್ಟರು ಕೈ ನೋಡಿದರು, ಟಿವಿ ನೋಡಿದರು, ಮತ್ತೆ ಕೈ ನೋಡಿದರು.

“ತುಂಬಾ ಸಂತೋಷ. ಇನ್ನು ಮೇಲೆ ಯಾರಾದರೂ ಗುಣವಾಗೋದಿದ್ದರೆ ಬಾಗಿಲ ಕಡೆ ತಿರುಗಿ ಗುಣವಾಗಲಿ” ಎಂದರು.

ತೂಕ ನೋಡುವ ಹಲಗೆ

ಡಾಕ್ಟರು ತಮ್ಮ ಮನೆಯ ಟಿವಿಯನ್ನೇ ತಂದು ಇಟ್ಟರು. ಮುಂದಿನ ಆಯ್ಕೆ, ಕುಣಿಯುವ ಚಾಪೆಯೋ ನಿಂತುಕೊಳ್ಳುವ ಹಲಗೆಯೋ ಎಂದು. ಹಲಗೆಯ ಮೇಲೆ ನಿಂತರೆ ಯಾವ ಕಾಲಿಗೆ ಎಷ್ಟು ಭಾರ ಬಿಟ್ಟಿದ್ದೇವೆಂದು ಟಿವಿಯಲ್ಲಿ ತೋರಿಸುತ್ತದೆ, ತೂಕವನ್ನೂ ಬರೆದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಕುಣಿಯುವವರು ಯಾರೂ ಇರಲಿಲ್ಲವಾದ್ದರಿಂದ ಹಲಗೆ ಬಂತು.

ಅದರ ಮೇಲೆ ಮೊದಲು ನಿಂತವರು ಚಿನ್ನಾಳಪಟ್ಟಿಯ ನೇಕಾರಗಿತ್ತಿ. ತೇನಿಗೆ ಕೊಟ್ಟಿದ್ದ ಮಗಳ ಮನೆಯಲ್ಲಿದ್ದುಕೊಂಡು ಬರುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಪಾದಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ, ನಡೆದರೆ ತೂರಾಡುತ್ತಿದ್ದರು. ಗುಂಡಿಮಗ್ಗದಲ್ಲಿ ಎರಡು ಕಾಲೂ ಇಳಿಬಿಟ್ಟು ತುಳಿದೇ ಸೀರೆ ನೇಯಬೇಕು. ತುಳಿದದ್ದು ತಿಳಿಯದಿದ್ದರೆ ಎಳೆ ತಪ್ಪುತ್ತದೆ. “ಹೆಂಗಾದ್ರೂ ಮಗ್ಗಕ್ಕೆ ಕೂರಿಸಿಬಿಡು” ಎಂಬುದೊಂದೇ ಅವರ ಬೇಡಿಕೆ.

ಎರಡು ವಾರ ಬಂದರು, ಆಮೇಲೆ ಬರಲಿಲ್ಲ. ಹೆಬ್ಬೆರಳಿಗೆ ಆದ ಗಾಯ ಅವರಿಗೇ ಗೊತ್ತಾಗದೆ ಕೊಳೆತು, ಮೇಲೇರಿ, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಾಲ್ಕು ತಿಂಗಳ ಮೇಲೆ ಕೃತಕ ಕಾಲು ತೊಟ್ಟು, ಮಗಳ ಹೆಗಲು ಹಿಡಿದು ಮತ್ತೆ ನನ್ನ ಬಾಗಿಲಿಗೆ ಬಂದರು. ಕೈ ಹಿಡಿದು ಹಲಗೆಯ ಮೇಲೆ ನಿಲ್ಲಿಸಿದೆ.

ಪೆಟ್ಟಿಗೆ ಅವರನ್ನು ಮರೆತಿರಲಿಲ್ಲ. ಜೋರಾಗಿ ತುತ್ತೂರಿ ಊದಿತು, ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿಸಿತು. ಇಂಗ್ಲಿಷಿನಲ್ಲಿ ಏನೋ ಬಂತು. ಮಗಳು ಓದಿ ಬಾಯಿ ಮುಚ್ಚಿಕೊಂಡಳು.

“ಏನಂತೆ?” ಎಂದರು ತಾಯಿ.

ನಾನೇ ಹೇಳಬೇಕಾಯಿತು. “ಐದು ಕಿಲೋ ಇಳಿಸಿದ್ದೀರಂತೆ. ಭೇಷ್ ಅಂತಿದೆ. ಹೇಗೆ ಇಳಿಸಿದಿರಿ ಅಂತ ಕೇಳ್ತಿದೆ.”

ಕೆಳಗೆ ಮೂರು ಉತ್ತರ ಇದ್ದವು, ಒಂದನ್ನು ಒತ್ತದೆ ಮುಂದಕ್ಕೆ ಹೋಗುವ ಹಾಗಿಲ್ಲ. ಊಟ ಕಡಿಮೆ ಮಾಡಿದೆ, ವ್ಯಾಯಾಮ ಮಾಡಿದೆ, ಗೊತ್ತಿಲ್ಲ. ಮೂರನ್ನೂ ಓದಿದೆ. ಅವರು ತಮ್ಮ ಹೊಸ ಕಾಲನ್ನು ಒಮ್ಮೆ ಬಗ್ಗಿ ನೋಡಿದರು. ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡು ನಾನು ಸೊಂಟ ಹಿಡಿದರೆ, ನಗುತ್ತಿದ್ದರು.

“ಕತ್ತರಿಸಿದ್ರು ಅಂತ ಎಲ್ಲೂ ಹಾಕಿಲ್ವಾ? ಸರಿ, ಗೊತ್ತಿಲ್ಲ ಅಂತ ಒತ್ತು. ನಮ್ಮ ಮನೆ ವಿಷಯ ಅದಕ್ಯಾಕೆ?”

ಹಾರನ್ ಇಲ್ಲದ ಸ್ಟೀರಿಂಗು

ಮೂರನೆಯದಕ್ಕೆ ಬಹಳ ಯೋಚಿಸಿದೆ. ಟೆನಿಸ್ ಬ್ಯಾಟು, ಗಾಲ್ಫ್ ಕೋಲು, ಕತ್ತಿ, ಸ್ಟೀರಿಂಗು, ಹೀಗೆ ರಿಮೋಟನ್ನು ಒಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಚೌಕಟ್ಟುಗಳು ಹಲವಿದ್ದವು. ಆಗ ನನ್ನಲ್ಲಿಗೆ ಒಬ್ಬ ಜೀಪ್ ಡ್ರೈವರ್ ಬರುತ್ತಿದ್ದ. ಕಣಿವೆಯ ಊರುಗಳಿಂದ ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿ ಹೆಂಗಸರನ್ನು ಕರೆದೊಯ್ಯುವ ಜೀಪು. ಒಂದು ಮಂಜಿನ ಬೆಳಿಗ್ಗೆ ತಿರುವಿನಲ್ಲಿ ಜೀಪು ಕೆಳಕ್ಕೆ ಹೋಯಿತು. ಇಬ್ಬರು ಹೆಂಗಸರು ತೀರಿಹೋದರು. ಇವನ ಸೊಂಟ, ಎರಡು ಹೆಗಲು ಮುರಿದವು. ಎದುರಿಗೆ ಬಂದ ಲಾರಿಯದೇ ತಪ್ಪೆಂದು ತೀರ್ಮಾನವಾಗಿದ್ದರೂ ಅದು ಅವನ ಮನಸ್ಸಿಗೆ ಇಳಿದಿರಲಿಲ್ಲ.

ಹೆಗಲು ತಿರುಗಬೇಕಾದರೆ ಸ್ಟೀರಿಂಗೇ ಒಳ್ಳೆಯದೆಂದು ತಂದೆ. ಅವನು ಅದನ್ನು ತಿರುಗಿಸಲಿಲ್ಲ. ಮೂರು ವಾರ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡಿದ. ನಾನು ಒತ್ತಾಯ ಮಾಡಲಿಲ್ಲ. ಒಂದು ದಿನ ಅವನೇ ತಿರುಗಿಸಿ ಹಿಂದೆ ಮುಂದೆ ನೋಡಿ ಕೇಳಿದ, “ಇದಕ್ಕೆ ಹಾರನ್ ಎಲ್ಲಿದೆ ಅಕ್ಕಾ?”

“ಇಲ್ಲಪ್ಪ.”

“ಹಾರನ್ ಇಲ್ಲದ ವಂಡಿಯನ್ನ ಘಾಟಿಗೆ ಯಾರು ಬಿಟ್ಟರು?” ಎಂದ. ತಿಂಗಳುಗಳ ಮೇಲೆ ಅವನು ಬಾಯಿಬಿಟ್ಟದ್ದೇ ಆ ದಿನ.

ಕಾರ್ ರೇಸ್ ಹಾಕಿದೆ. ಹನ್ನೆರಡು ಬಣ್ಣಬಣ್ಣದ ಪುಟಾಣಿ ಕಾರುಗಳು. ಹಸಿರು ದೀಪ ಬಿದ್ದೊಡನೆ ಹನ್ನೊಂದು ಕಾರು ಚಿಮ್ಮಿದವು. ಇವನದು ಎತ್ತಿನ ಗಾಡಿಯ ಹಾಗೆ ಹೊರಟಿತು. ಒಂದೊಂದು ತಿರುವಿನಲ್ಲೂ ನಿಲ್ಲಿಸಿ, ಬಾಯಲ್ಲೇ “ಪಾಂ, ಪಾಂ” ಎಂದು ಹಾರನ್ ಮಾಡಿ, ಎದುರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಹೋಗುತ್ತಿದ್ದ. ಹಿಂದಿನಿಂದ ಎರಡನೆಯ ಸುತ್ತಿಗೆ ಬಂದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಪಾಂ ಪಾಂ ಅನ್ನುತ್ತಿತ್ತು. ಹೊರಗೆ ಔಷಧಿಗೆ ಕಾಯುತ್ತಿದ್ದ ಇಬ್ಬರು ದಾರಿ ಬಿಡಬೇಕೇನೋ ಎಂದು ಗೋಡೆಗೆ ಸರಿದು ನಿಂತಿದ್ದರಂತೆ.

ಪಕ್ಕದ ಮಂಚದಲ್ಲಿ ಬೆರಳಿನ ವ್ಯಾಯಾಮ ಮಾಡುತ್ತಿದ್ದ ಕಂಡಕ್ಟರಿಗೆ ತಡೆಯಲಾಗಲಿಲ್ಲ. “ಏನಪ್ಪಾ ಡ್ರೈವರೇ, ಹಿಂಗೆ ಓಡ್ಸಿದ್ರೆ ಕೊಂಬೈ ಸೇರಾದು ಬರೋ ದೀಪಾವಳಿಗೆ.”

ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ, “ದೀಪಾವಳಿಗೆ ಎಲ್ಲರೂ ಇರ್ತಾರಲ್ಲ ಅಯ್ಯಾ. ಅದು ಮುಖ್ಯ. ಪಾಂ, ಪಾಂ.”

ಉಭಯ

ಆ ದೀಪಾವಳಿಗೆ ಕಂಡಕ್ಟರು ಇರಲಿಲ್ಲ. ಎರಡನೆಯ ಸಲ ಪಾರ್ಶ್ವವಾಯು ಬಂದಾಗ ಆಸ್ಪತ್ರೆಗೆ ತರುವಷ್ಟೂ ಸಮಯ ಕೊಡಲಿಲ್ಲ.

ಹದಿನಾರನೆಯ ದಿನದ ಕಾರ್ಯ ಮುಗಿಸಿ ಅವರ ಹೆಂಡತಿ ನನಗೆ ಫೋನ್ ಮಾಡಿದರು. ಅವರ ಹೆಸರಿನಲ್ಲಿ ನಮ್ಮ ಕೋಣೆಗೆ ಏನಾದರೂ ಕೊಡಬೇಕಂತೆ, ನಾನೇ ಆರಿಸಬೇಕಂತೆ. ಟಿವಿಯ ಮೇಲೆ ಇಡುವ ಉದ್ದನೆಯ ಪಟ್ಟಿ ಹಾಳಾಗಿತ್ತು. ಅದರ ಎರಡು ತುದಿಗಳಿಂದ ಕಣ್ಣಿಗೆ ಕಾಣದ ಬೆಳಕು ಬರುತ್ತದೆ. ಆ ಬೆಳಕು ನೋಡಿಯೇ ರಿಮೋಟಿಗೆ ದಿಕ್ಕು ತಿಳಿಯುವುದು. ಅದನ್ನೇ ಕೇಳಿದೆ.

ಅವರ ಮೈದುನ ತಂದು ಭಕ್ತಿಯಿಂದ ಟಿವಿಯ ಮೇಲಿಟ್ಟು ಕೈ ಮುಗಿದ. ನಮ್ಮ ಕಡೆ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೆ ತಮ್ಮ ಹೆಸರು, ಊರು, ಕೊನೆಗೆ ಕಾಣಿಕೆ ಎನ್ನಲು ಉಭಯ ಎಂದು ಉದ್ದಕ್ಕೂ ಬರೆಸುತ್ತಾರಲ್ಲ, ಹಾಗೆ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಕಪ್ಪು ಬಣ್ಣದಲ್ಲಿ ಬರೆಸಿ ತಂದಿದ್ದ. ಬೆಳಕು ಹೊರಗೆ ಬರಲಿಲ್ಲ. ರಿಮೋಟ್ ಎತ್ತ ಬೀಸಿದರೂ ಪರದೆ ಕಲ್ಲಿನ ಹಾಗಿತ್ತು.

ಡಾಕ್ಟರು ಬಂದು ಕನ್ನಡಕ ಏರಿಸಿ ಓದಿದರು. “ದೇವರಾದರೆ ಕತ್ತಲಲ್ಲೂ ಸುಧಾರಿಸಿಕೊಳ್ತಾನೆ. ಇದಕ್ಕೆ ಅಭ್ಯಾಸ ಇಲ್ಲ. ಎರಡು ತುದಿ ಕೆರೆದುಬಿಡಿ” ಎಂದರು.

ಎದುರಾಳಿ

ಎಂಟು ತಿಂಗಳು ಗಂಡನನ್ನು ಎತ್ತಿ ಕೂರಿಸಿ, ಮಲಗಿಸಿ ಕಂಡಕ್ಟರ ಹೆಂಡತಿಯ ಬಲಹೆಗಲು ಹೆಪ್ಪುಗಟ್ಟಿಹೋಗಿತ್ತು. ಗಂಡ ಇದ್ದಷ್ಟು ದಿನ ಬಾಯಿಬಿಟ್ಟಿರಲಿಲ್ಲ. ಈಗ ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲವೆಂದು ನನ್ನಲ್ಲಿಗೆ ರೋಗಿಯಾಗಿ ಬಂದರು. ಗಂಡನ ಮಂಚದ ಕಡೆ ನೋಡದೆ ನೆಟ್ಟಗೆ ಬಂದು ನಿಂತರು. ಅವರಿಗಾಗಿ ಟೆನಿಸ್ ಬ್ಯಾಟಿನ ಚೌಕಟ್ಟು ತಂದೆ. ದೊಡ್ಡದು, ಚಿಕ್ಕದು ಎರಡಿದ್ದವು. “ಚಿಕ್ಕದೇ ಇರಲಿ ತಾಯೀ, ಭಾರ ಎತ್ತಿ ಎತ್ತಿ ಸಾಕಾಗ್ಯದೆ” ಎಂದರು.

ಈ ಪೆಟ್ಟಿಗೆಯಲ್ಲಿ ಪ್ರತಿಯೊಬ್ಬ ರೋಗಿಗೂ ಒಂದೊಂದು ಬೊಂಬೆ ಮಾಡಿಡುತ್ತೇವೆ, ಕಣ್ಣು, ಮೂಗು, ಮೀಸೆ ಎಲ್ಲ ಆರಿಸಿ. ಒಬ್ಬರೇ ಆಡುವಾಗ ಎದುರಾಳಿಯಾಗಿ ಆ ಬೊಂಬೆಗಳಲ್ಲಿ ಒಂದನ್ನು ಪೆಟ್ಟಿಗೆಯೇ ಕಳಿಸುತ್ತದೆ. ನನಗೆ ಇದು ಗೊತ್ತಿತ್ತು, ಆದರೂ ಆ ದಿನ ಹೊಳೆಯಲಿಲ್ಲ.

ಆಟ ಶುರುವಾಯಿತು. ಬಲೆಯ ಆಚೆ ಬಂದು ನಿಂತದ್ದು ಕಂಡಕ್ಟರು. ಗುಂಡು ಮುಖ, ದಪ್ಪ ಕನ್ನಡಕ, ಬಿಳಿ ಮೀಸೆ. ಆ ಮೀಸೆಯನ್ನು ಆರಿಸಿದ್ದವರೇ ಈ ಹೆಂಡತಿ.

ಡ್ರೈವರ್ ಎದ್ದು ನಿಂತುಬಿಟ್ಟ. ನಾನು ಓಡಿಹೋಗಿ ಸ್ವಿಚ್ಚಿಗೆ ಕೈಯಿಟ್ಟೆ.

“ಇರು” ಎಂದರು ಅವರು. “ಆರಿಸ್ಬೇಡ.”

ಬೊಂಬೆ ನಗುತ್ತಾ ಚೆಂಡು ಮೇಲಕ್ಕೆಸೆದು ಬಲಗೈಯಲ್ಲಿ ಬೀಸಿ ಹೊಡೆಯಿತು. ಚೆಂಡು ಇವರನ್ನು ದಾಟಿ ಹೋಯಿತು. ಮತ್ತೊಂದು, ಅದೂ ಹೋಯಿತು. ಬೊಂಬೆ ಎಡಕ್ಕೆ ಓಡಿತು, ಬಲಕ್ಕೆ ನೆಗೆಯಿತು, ಗೆದ್ದು ಎರಡು ಕೈಯನ್ನೂ ಆಕಾಶಕ್ಕೆ ಎತ್ತಿ ಕುಣಿಯಿತು. ಅವರು ಬ್ಯಾಟು ಇಳಿಬಿಟ್ಟು, ಸೆರಗನ್ನು ಬಾಯಿಗೆ ಹಿಡಿದು ನೋಡುತ್ತಿದ್ದರು. ನಾನು ಅವರ ಹಿಂದೆ ಹೋಗಿ ನಿಂತೆ, ಕುಸಿದರೆ ಹಿಡಿಯಬೇಕೆಂದು.

ಅವರು ಕುಸಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು, ನೋವಿನ ಕೈಯನ್ನು ಹೆಗಲಿನ ಮೇಲಕ್ಕೆ ಎತ್ತಿ ಬ್ಯಾಟನ್ನು ಟಿವಿಯ ಕಡೆ ಚಾಚಿದರು.

“ನೋಡ್ರಿ ಈ ಮನುಷ್ಯನ್ನ! ಎಂಟು ತಿಂಗಳು ಕೈ ಎತ್ತಕ್ಕಾಗದಿಲ್ಲ ಅಂತ ಕಾಪಿ ಲೋಟಾನೂ ನನ್ನ ಕೈಲೇ ಹಿಡಿಸ್ಕೊಂಡು ಕುಡಿದ್ರು. ಈಗ ನೋಡ್ರಿ, ಎಷ್ಟು ಚೆನ್ನಾಗಿ ಕುಣೀತಾರೆ!”